ಕರಾವಳಿಯ ನೀರಿನಲ್ಲಿ ಪೆಡಲ್ ಕಯಾಕ್: ಅದರ ಗುಣಾವಗುಣಗಳು

ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿರುವ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಸ್ಥಳಗಳಲ್ಲಿ ಬಿದ್ದ ಮಳೆಯ ನೀರು ಬಹುಮಟ್ಟಿಗೆ ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಬಿದ್ದು, ಪೂರ್ವ ಸಮುದ್ರಕ್ಕೆ ಹರಿದುಹೋಗುವುದು. ಅಲ್ಲಿನ ಜನರಾದರೋ ಸಮುದ್ರವನ್ನು ಕಾಣಬೇಕೆಂದರೆ ನೆಲಮಂಗಲದ ದಾರಿ ಹಿಡಿದು, ಹಾಸನ ಸಕಲೇಶಪುರಗಳನ್ನು ದಾಟಿ, ಶಿರಾಡಿ ಘಾಟಿಯನ್ನು ಇಳಿದು, ಸುಮಾರು 350 ಕಿಲೋಮೀಟರುಗಳಷ್ಟು ಪಶ್ಚಿಮಕ್ಕೆ ಪ್ರಯಾಣಮಾಡುವರು. ನೀರು ಒಂದು ಕಡೆಗೆ, ನೀರನ್ನು ನೋಡುವವರು ಮತ್ತೊಂದು ಕಡೆಗೆ.

ಹೀಗೆ ಹೋಗುವವರಲ್ಲಿ ಕೇವಲ ವಿನೋದಕ್ಕಾಗಿ ಹೋಗುವವರೂ ಉಂಟು. ತಮ್ಮ ಹಿರಿಯರ ಮನೆ, ತೆಂಗಿನ ತೋಟ, ಗದ್ದೆಗಳು ನದಿಯ ನಡುಗಡ್ಡೆಗಳಲ್ಲಿ ಇರುವುದರಿಂದ ಹೋಗುವವರೂ ಉಂಟು. ಈ ನಡುಗಡ್ಡೆಗಳಿಗೆ ಉಡುಪಿಯ ಕಡೆ ಕುದ್ರುಗಳೆಂದೂ ಹೊನ್ನಾವರ, ಕುಮಟಾಗಳ ಕಡೆ ಕುರ್ವೆಗಳೆಂದೂ ಹೆಸರು. ಈ ಎರಡನೆಯ ವರ್ಗದವರಿಗೆ ದೋಣಿಯೆಂಬುದು ಆಟದ ಸಾಮಾನಲ್ಲ. ಸೇತುವೆಯಿಲ್ಲದ ಕಡೆ ಹಾಲು, ತೆಂಗಿನಕಾಯಿ, ಹುಲ್ಲು, ಗೊಬ್ಬರ, ಶಾಲೆಯ ಮಕ್ಕಳು, ರೋಗಿಗಳು, ಎಲ್ಲವೂ ದೋಣಿಯಲ್ಲಿಯೇ ಹೊಳೆಯನ್ನು ದಾಟಬೇಕು. ಹುಟ್ಟು ಹಾಕುವ, ಜಲ್ಲೆ ಊರುವ ಅಭ್ಯಾಸವು ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ಇರುವುದಿಲ್ಲ. ಊರಿನಲ್ಲಿ ಉಳಿದ ಹಿರಿಯರಿಗೆ ತೋಳಿನ ಬಲವು ಕುಂದಿರುವುದು. ಕಾಲಿನಿಂದ ತುಳಿದು ನಡೆಸುವ ಒಂದು ಬಗೆಯ ದೋಣಿಯಿದೆ, ಬೈಸಿಕಲ್ಲು ಬಲ್ಲವರೆಲ್ಲರೂ ಅದನ್ನು ನಡೆಸಬಹುದು ಎಂಬ ಮಾತು ಕಿವಿಗೆ ಬಿದ್ದಾಗ ಇಂಥವರ ಮನಸ್ಸು ಅದರ ಕಡೆಗೆ ತಿರುಗುವುದು ಸಹಜವೇ ಆಗಿದೆ. ಆದರೆ ಅದಕ್ಕೆ ಸುರಿಯಬೇಕಾದ ಹಣವು ಒಂದು ಜೊತೆ ಒಳ್ಳೆಯ ಎತ್ತುಗಳ ಬೆಲೆಗೆ ಕಡಮೆಯಾದುದಲ್ಲ. ಲೆಕ್ಕ ತಪ್ಪಿದರೆ ಹೋಗುವುದು ಹಣವೊಂದೇ ಅಲ್ಲ. ಆದುದರಿಂದ ಈ ದೋಣಿಯು ಎಲ್ಲಿ ಒದಗುವುದು, ಎಲ್ಲಿ ಕೈಬಿಡುವುದು ಎಂಬುದನ್ನು ಕೊಳ್ಳುವುದಕ್ಕೆ ಮೊದಲೇ ವಿಚಾರಮಾಡುವುದು ಒಳ್ಳೆಯದು.

ಯಂತ್ರದ ಬಗೆ

ಕಯಾಕ್ ಎಂಬುದು ಉತ್ತರ ಧ್ರುವದ ಸಮೀಪದ ಹಿಮಪ್ರದೇಶಗಳ ಜನರು ಬೇಟೆಗಾಗಿ ಕಟ್ಟಿಕೊಂಡ, ಉದ್ದವಾದ, ಕಿರಿದಾದ, ಒಬ್ಬನೇ ಕುಳಿತು ನಡೆಸುವ ದೋಣಿ. ಅವರು ಮರದ ಅಥವಾ ಎಲುಬಿನ ಹಂದರಕ್ಕೆ ಚರ್ಮವನ್ನು ಬಿಗಿದು ಇದನ್ನು ಮಾಡುತ್ತಿದ್ದರು. ನಮ್ಮ ಹರಿಗೋಲಿಗೂ ಬಿದಿರಿನ ಹೆಣಿಗೆಗೆ ಚರ್ಮವನ್ನು ಹೊದಿಸುತ್ತಿದ್ದುದು ಓದುಗರಿಗೆ ನೆನಪಿರಬಹುದು. ಆಕಾರ ಬೇರೆಯಾದರೂ ಉಪಾಯ ಒಂದೇ. ಈಗಿನ ಕಯಾಕುಗಳು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವು. ಎರಡು ತುದಿಗಳಲ್ಲಿಯೂ ಎಲೆಯುಳ್ಳ ಹುಟ್ಟನ್ನು ಎಡಕ್ಕೂ ಬಲಕ್ಕೂ ಹಾಕುತ್ತ ಇವನ್ನು ನಡೆಸುವರು.

ತೋಳಿನ ಕೆಲಸವನ್ನು ಕಾಲಿಗೆ ವಹಿಸುವ ಆಲೋಚನೆಯು ನಮ್ಮ ರೈತರಿಗೆ ಹೊಸದಲ್ಲ. ಏತದಲ್ಲಿ ಮನುಷ್ಯನು ತೊಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ತನ್ನ ಮೈಭಾರದಿಂದಲೇ ಬಾವಿಯ ನೀರನ್ನು ಮೇಲಕ್ಕೆ ತರುತ್ತಿದ್ದನು. ನೇಕಾರನು ಇಂದಿಗೂ ಗುಂಡಿಮಗ್ಗದಲ್ಲಿ ಕಾಲುಹಲಗೆಯನ್ನು ತುಳಿದು ಕೈಗಳನ್ನು ಲಾಳಿಗೆ ಬಿಟ್ಟಿರುವನು. ತೊಡೆಯ ಮತ್ತು ಸೊಂಟದ ಮಾಂಸಖಂಡಗಳು ದೇಹದಲ್ಲೆಲ್ಲ ದೊಡ್ಡವಾದುದರಿಂದ ತೋಳಿಗಿಂತ ಬಹಳ ಹೊತ್ತು ದಣಿಯದೆ ದುಡಿಯಬಲ್ಲವು. ಪೆಡಲ್ ಕಯಾಕಿನ ಮೂಲಸೂತ್ರವೂ ಇಷ್ಟೇ.

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಸವಾರನು ಎರಡು ಹಲಗೆಗಳನ್ನು ಒಂದಾದ ಮೇಲೊಂದರಂತೆ ಮುಂದಕ್ಕೆ ಒತ್ತುವನು. ಆಗ ದೋಣಿಯ ಹೊಟ್ಟೆಯ ಕೆಳಗೆ ಇಳಿಬಿದ್ದಿರುವ ಎರಡು ರೆಕ್ಕೆಗಳು ಎಡಕ್ಕೂ ಬಲಕ್ಕೂ ಬೀಸಿ, ಮೀನು ಬಾಲವನ್ನು ಆಡಿಸಿದಂತೆ ನೀರನ್ನು ಹಿಂದಕ್ಕೆ ತಳ್ಳುವುವು. ಅಮೆರಿಕಾ ದೇಶದ ಹೋಬೀ ಕಂಪೆನಿಯವರು 1997ರಲ್ಲಿ ಇದನ್ನು ಮಾರಾಟಕ್ಕೆ ತಂದರು. ಎರಡನೆಯ ಬಗೆಯಲ್ಲಿ ಬೈಸಿಕಲ್ಲಿನಂತೆಯೇ ಸುತ್ತುವ ಪೆಡಲುಗಳಿದ್ದು, ಹಲ್ಲುಚಕ್ರಗಳ ಮೂಲಕ ಕೆಳಗಿನ ಪಂಕವನ್ನು ತಿರುಗಿಸುವುವು. ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಪಂಕವು ಸುಮಾರು 10 ಸುತ್ತು ತಿರುಗುವಂತೆ ಹಲ್ಲುಗಳನ್ನು ಹೊಂದಿಸಿರುವರು. ಪೆಡಲನ್ನು ಹಿಂದಕ್ಕೆ ತುಳಿದರೆ ಈ ದೋಣಿಯು ಹಿಂದಕ್ಕೂ ಬರುವುದು. ರೆಕ್ಕೆಯ ದೋಣಿಗಳಿಗೆ ಈ ಅನುಕೂಲವು ಮೊದಲು ಇರಲಿಲ್ಲ, ಬಹಳ ವರ್ಷಗಳ ಮೇಲೆ ಬಂದಿತು. ಎರಡು ಬಗೆಗಳಲ್ಲಿಯೂ ಹಿಂಭಾಗದಲ್ಲಿ ಚುಕ್ಕಾಣಿಯಿದ್ದು, ಆಸನದ ಪಕ್ಕದಲ್ಲಿರುವ ಸಣ್ಣ ಹಿಡಿಯಿಂದ ಅದನ್ನು ತಿರುಗಿಸತಕ್ಕದ್ದು.

ಅನುಕೂಲಗಳು

ಇದರ ಮೊದಲನೆಯ ಗುಣವು ಕೈಗಳು ಬಿಡುವಾಗಿರುವುದು. ಹುಟ್ಟಿನ ದೋಣಿಯಲ್ಲಿ ಒಬ್ಬನೇ ಇರುವವನು ಗಾಳ ಹಾಕಬೇಕಾದರೂ ಬಲೆಯನ್ನು ಎಳೆದುಕೊಳ್ಳಬೇಕಾದರೂ ಹುಟ್ಟನ್ನು ಕೆಳಗಿಡಬೇಕು. ಇಟ್ಟ ಕೂಡಲೆ ದೋಣಿಯು ಗಾಳಿಯ ಪಾಲು. ಕಾಲಿನಿಂದ ತುಳಿಯುವವನು ಗಾಳಿಗೆ ಎದುರಾಗಿ ಮೆಲ್ಲಗೆ ತುಳಿಯುತ್ತ ಒಂದೇ ಕಡೆ ನಿಂತು ಎರಡು ಕೈಗಳಿಂದಲೂ ಕೆಲಸ ಮಾಡಬಹುದು. ಹಿನ್ನೀರಿನಲ್ಲಿ ಪಂಜರಗಳನ್ನು ಹಾಕಿ ಮೀನು ಸಾಕುವವರು ದಿನಕ್ಕೆರಡು ಬಾರಿ ಆಹಾರ ಹಾಕಿಬರುವುದಕ್ಕೂ, ನೀರಿನ ಮಾದರಿ ತೆಗೆಯುವವರಿಗೂ, ಕಾಂಡ್ಲಾ ಗಿಡಗಳ ನಡುವೆ ಸಸಿ ನೆಡುವ ಅರಣ್ಯದ ಕೆಲಸಗಾರರಿಗೂ ಇದು ಸಣ್ಣ ಲಾಭವಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಎಣ್ಣೆಯ ಖರ್ಚಿಲ್ಲ. ಭುಜದ ನೋವಿರುವವರು, ವಯಸ್ಸಾದವರು, ಹುಟ್ಟಿನ ಅಭ್ಯಾಸವಿಲ್ಲದವರು ಕೂಡ ಅರ್ಧ ಗಂಟೆಯಲ್ಲಿ ಇದನ್ನು ನೆಟ್ಟಗೆ ನಡೆಸುವುದನ್ನು ಕಲಿಯಬಹುದಾಗಿದೆ. ಕೈಯಲ್ಲಿ ಚುಕ್ಕಾಣಿಯಿರುವುದರಿಂದ ಪಕ್ಕದ ಗಾಳಿಯಲ್ಲಿ ದಿಕ್ಕನ್ನು ಕಾಪಾಡಿಕೊಳ್ಳುವುದೂ ಸುಲಭ.

ಆದರೆ ಬಲದ ವಿಷಯದಲ್ಲಿ ಭ್ರಮೆಯಿರಕೂಡದು. ಸಾಧಾರಣ ಆರೋಗ್ಯವಂತನು ಗಂಟೆಗಟ್ಟಲೆ ಕಾಲಿನಿಂದ ಕೊಡಬಲ್ಲ ಶಕ್ತಿಯು ಸುಮಾರು 75ರಿಂದ 100 ವಾಟುಗಳು, ಎಂದರೆ ಒಂದು ಅಶ್ವಶಕ್ತಿಯ ಎಂಟು ಅಥವಾ ಹತ್ತರಲ್ಲಿ ಒಂದು ಪಾಲು. ನಾಡದೋಣಿಗೆ ಕಟ್ಟುವ 10 ಅಶ್ವಶಕ್ತಿಯ ಸಣ್ಣ ಮೋಟಾರಿಗೆ ಸಮನಾಗಬೇಕಾದರೆ ಇಂಥ ನೂರು ಮಂದಿ ಒಟ್ಟಿಗೆ ತುಳಿಯಬೇಕಾದೀತು. ಮೇಲಾಗಿ ನೀರಿನ ತಡೆಯು ವೇಗದೊಡನೆ ಬಹಳ ಬೇಗ ಏರುವುದು. ವೇಗವನ್ನು ಇಮ್ಮಡಿ ಮಾಡಬೇಕಾದರೆ ಸುಮಾರು ಎಂಟರಷ್ಟು ಶಕ್ತಿ ಬೇಕು. 12 ಅಡಿ ಉದ್ದದ ದೋಣಿಯು ಗಂಟೆಗೆ 8 ಕಿಲೋಮೀಟರಿನ ಸುಮಾರಿಗೆ ಬಂದಿತೆಂದರೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ನಿಲ್ಲುವುದು. ಅಲ್ಲಿಂದ ಮುಂದೆ ಎಷ್ಟು ತುಳಿದರೂ ಬೆವರಷ್ಟೇ ಲಾಭ. ಆದುದರಿಂದ ದಿನವಹಿಯ ಲೆಕ್ಕಕ್ಕೆ ಗಂಟೆಗೆ 5 ಕಿಲೋಮೀಟರನ್ನು ಹಿಡಿಯುವುದು ಕ್ಷೇಮ.

ಇದಕ್ಕೆ ಎದುರಾಗಿ ಎರಡು ಪ್ರಸಿದ್ಧ ಸಂಗತಿಗಳನ್ನು ಹೇಳುವುದುಂಟು. 1991ರಲ್ಲಿ ಅಮೆರಿಕಾದ ಚಾರ್ಲ್ಸ್ ನದಿಯಲ್ಲಿ ಮಾರ್ಕ್ ಡ್ರೆಲಾ ಎಂಬ ವಿಜ್ಞಾನಿಯು ಡೆಕಾವಿಟೇಟರ್ ಎಂಬ ಕಾಲ್ತುಳಿತದ ದೋಣಿಯನ್ನು 18.5 ನಾಟ್, ಎಂದರೆ ಗಂಟೆಗೆ ಸುಮಾರು 34 ಕಿಲೋಮೀಟರು ವೇಗದಲ್ಲಿ ನಡೆಸಿದನು. ಇದು ಕೇವಲ 100 ಮೀಟರುಗಳ ಓಟ, ನೀರಿನ ಮೇಲಕ್ಕೆ ಎದ್ದು ನಿಲ್ಲುವಂತೆ ಆ ಕೆಲಸಕ್ಕೆಂದೇ ಕಟ್ಟಿದ ಯಂತ್ರ, ತುಳಿದವನೂ ಸಾಧಾರಣನಲ್ಲ. ಎರಡನೆಯದು ಇನ್ನೂ ದೊಡ್ಡದು. ಇಂಗ್ಲೆಂಡಿನ ಜೇಸನ್ ಲೂಯಿಸ್ ಮತ್ತು ಸ್ಟೀವ್ ಸ್ಮಿತ್ ಎಂಬವರು 1994–95ರಲ್ಲಿ 26 ಅಡಿಗಳ ಮರದ ದೋಣಿಯೊಂದನ್ನು ತುಳಿದುಕೊಂಡು ಪೋರ್ಚುಗಲ್ಲಿನಿಂದ ಅಮೆರಿಕಾದ ಮಯಾಮಿಗೆ 111 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಲೂಯಿಸನು ಮುಂದೆ ಅದೇ ದೋಣಿಯಲ್ಲಿ ನಮ್ಮ ಅರಬ್ಬೀ ಸಮುದ್ರವನ್ನೂ ದಾಟಿ, 2007ರ ಅಕ್ಟೋಬರಿನಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿದನು. ದೋಣಿಯ ಹೆಸರು ‘ಮೋಕ್ಷ’. ಅದಕ್ಕೆ ಮಲಗಲು ಮುಚ್ಚಿದ ಕೋಣೆಯಿತ್ತು, ಮಗುಚಿದರೆ ತಾನೇ ನೆಟ್ಟಗಾಗುವ ಕಟ್ಟಡವಿತ್ತು. ಅಂಗಡಿಯಲ್ಲಿ ದೊರೆಯುವ ತೆರೆದ ಕಯಾಕಿಗೂ ಅದಕ್ಕೂ ಕಾಲ್ತುಳಿತವೊಂದನ್ನು ಬಿಟ್ಟರೆ ಬೇರೆ ನಂಟಿಲ್ಲ. ಈ ಸಾಹಸವನ್ನು ಕೇಳಿ ಕಯಾಕಿನಲ್ಲಿ ಕಡಲಿಗಿಳಿದವನಿಗೆ ದೋಣಿಯ ಹೆಸರಿನ ಅರ್ಥವು ಬೇರೆ ರೀತಿಯಲ್ಲಿ ತಿಳಿದುಬಂದೀತು.

ನಮ್ಮ ಕರಾವಳಿಯ ಸ್ವಭಾವ

ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳಲ್ಲಿ ಹಬ್ಬಿರುವ ಕರಾವಳಿಯಲ್ಲಿ ಎರಡು ಬೇರೆ ಬೇರೆ ನೀರುಗಳಿವೆ. ಒಂದು ಬಯಲ ಕಡಲು. ಮತ್ತೊಂದು ಮರಳುದಿಣ್ಣೆಯ ಹಿಂದೆ, ತೆಂಗಿನ ತೋಟಗಳ ನಡುವೆ ಹರಡಿಕೊಂಡಿರುವ ನದಿಗಳ ಹಿನ್ನೀರು. ಈ ಭೇದವನ್ನು ಕಣ್ಣಾರೆ ಕಾಣಬೇಕೆನ್ನುವವರು ಕುಂದಾಪುರದ ಉತ್ತರಕ್ಕಿರುವ ಮರವಂತೆಗೆ ಹೋಗಬಹುದು. ಅಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಅಲೆಯೊಡೆಯುವ ಅರಬ್ಬೀ ಸಮುದ್ರ, ಪೂರ್ವಕ್ಕೆ ಕನ್ನಡಿಯಂತಹ ಸೌಪರ್ಣಿಕಾ ನದಿ. ನಡುವೆ ರಸ್ತೆಯಷ್ಟೇ ಅಂತರ. ಪೆಡಲ್ ಕಯಾಕಿನ ವಿಷಯದಲ್ಲಿ ಹೇಳಬೇಕಾದುದರ ಮುಕ್ಕಾಲು ಪಾಲು ಈ ರಸ್ತೆಯ ಯಾವ ಮಗ್ಗುಲಿಗೆ ದೋಣಿಯನ್ನು ಇಳಿಸಬೇಕೆಂಬುದರಲ್ಲಿಯೇ ಅಡಗಿದೆ.

ಪೂರ್ವದ ಮಗ್ಗುಲಿನಲ್ಲಿ ಅದು ಒಳ್ಳೆಯ ದೋಣಿ. ಪಶ್ಚಿಮದ ಮಗ್ಗುಲಿನಲ್ಲಿ ಅದರ ಗುಣವೇ ದೋಷವಾಗುವುದು. ಹೇಗೆಂದರೆ, ಅದನ್ನು ನಡೆಸುವ ರೆಕ್ಕೆ ಅಥವಾ ಪಂಕವು ಹೊಟ್ಟೆಯ ಕೆಳಗೆ ಒಂದೂವರೆ ಅಡಿಯಷ್ಟು ಇಳಿದಿರುವುದು. ಮರಳುದಂಡೆಯಿಂದ ಹೊರಡುವಾಗ ಮೊದಲ ಕೆಲವು ಮಾರುಗಳಲ್ಲಿ ನೀರು ಮೊಣಕಾಲಿನಷ್ಟೇ ಇರುವುದು; ಅಲೆಗಳು ಒಡೆಯುವುದೂ ಅಲ್ಲಿಯೇ. ರೆಕ್ಕೆಯನ್ನು ಕೆಳಗಿಳಿಸಿದರೆ ಅಲೆಯ ತಗ್ಗಿನಲ್ಲಿ ಅದು ಮರಳಿಗೆ ಬಡಿದು ಬಾಗುವುದು. ಇಳಿಸದಿದ್ದರೆ ದೋಣಿಯನ್ನು ಮುಂದಕ್ಕೆ ಒಯ್ಯುವ ಬಲವಿಲ್ಲ. ದಡಕ್ಕೆ ಮರಳುವಾಗ ಕಷ್ಟವು ಇನ್ನೂ ಹೆಚ್ಚು: ಹಿಂದಿನಿಂದ ಬರುವ ಅಲೆಯು ದೋಣಿಯನ್ನು ಅಡ್ಡಕ್ಕೆ ತಿರುಗಿಸುವುದು, ಆಗ ಚುಕ್ಕಾಣಿಯು ನೊರೆಯಲ್ಲಿ ಹಿಡಿತ ತಪ್ಪುವುದು, ಸವಾರನ ಎರಡು ಕಾಲುಗಳೂ ಪೆಡಲಿನ ಮೇಲಿರುವುವು. ಈ ಸಮಯದಲ್ಲಿ ದೋಣಿಯನ್ನು ಉಳಿಸುವುದು ಹುಟ್ಟೊಂದೇ. ಅದರಿಂದ ಅಲೆಗೆ ಆತುಕೊಳ್ಳಲೂಬಹುದು, ಮೊಗವನ್ನು ತಿರುಗಿಸಲೂಬಹುದು. ಕಾಲಿಗೆ ಒಗ್ಗಿಹೋದವನು ಹುಟ್ಟನ್ನು ಮನೆಯಲ್ಲೇ ಬಿಟ್ಟುಬಂದಿರುವನು, ಇಲ್ಲವೆ ತಂದಿದ್ದರೂ ಹಾಕಲರಿಯನು. ಕರಾವಳಿಯ ಮೀನುಗಾರನು ಮೋಟಾರಿನ ನಾಡದೋಣಿಯಲ್ಲಿಯೂ ಹುಟ್ಟನ್ನು ಬಿಟ್ಟು ಹೊರಡದಿರುವುದು ವೃಥಾ ಅಲ್ಲ.

ಅಳಿವೆಯ ಮಾತು

ನದಿಯು ಸಮುದ್ರವನ್ನು ಕೂಡುವ ಬಾಯಿಗೆ ಕರಾವಳಿಯಲ್ಲಿ ಅಳಿವೆಯೆನ್ನುವರು. ಪರಸ್ಥಳದವರು ಪ್ರಾಣಕ್ಕೆ ಎರವಾಗಬಹುದಾದ ಜಾಗವು ಕಡಲಿಗಿಂತ ಹೆಚ್ಚಾಗಿ ಇದೇ ಆಗಿದೆ, ಏತಕ್ಕೆಂದರೆ ಒಳಗಿನಿಂದ ನೋಡುವವರಿಗೆ ಅದು ಹಿನ್ನೀರಿನಂತೆಯೇ ಶಾಂತವಾಗಿ ತೋರುವುದು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರವೂ ಎರಡು ಬಾರಿ ಇಳಿತವೂ ಆಗುವುವು. ದಿನದಿಂದ ದಿನಕ್ಕೆ ಅವುಗಳ ಹೊತ್ತು ಸುಮಾರು 50 ನಿಮಿಷ ಮುಂದೆ ಸರಿಯುವುದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತವು ಹೆಚ್ಚಾಗಿ ಒಂದೂವರೆ ಮೀಟರಿಗೂ ಮಿಕ್ಕುವುದು. ಇಳಿತದ ಹೊತ್ತಿನಲ್ಲಿ ಮೈಲಿಗಟ್ಟಲೆ ಹರಡಿದ್ದ ಹಿನ್ನೀರೆಲ್ಲ ಆ ಕಿರಿದಾದ ಬಾಯಿಯಿಂದಲೇ ಹೊರಬೀಳಬೇಕಾಗಿರುವುದರಿಂದ ಅಲ್ಲಿ ಸೆಳೆತವು ಬಲವಾಗುವುದು; ಹೊರಗಿನಿಂದ ಬರುವ ಅಲೆಯು ಆ ಸೆಳೆತಕ್ಕೆ ಎದುರಾಗಿ ಕಡಿದಾಗಿ ಎದ್ದು, ಮುಳುಗಿದ ಮರಳುದಿಣ್ಣೆಯ ಮೇಲೆ ಒಡೆಯುವುದು. ಗಂಟೆಗೆ 5 ಕಿಲೋಮೀಟರು ತುಳಿಯುವವನು ಅಷ್ಟೇ ವೇಗದ ಸೆಳೆತಕ್ಕೆ ಸಿಕ್ಕಿದನೆಂದರೆ ತುಳಿಯುತ್ತಲೇ ಇದ್ದರೂ ಇದ್ದಲ್ಲಿಯೇ ಇರುವನು. ದಣಿದು ಕ್ಷಣಕಾಲ ಕಾಲು ನಿಲ್ಲಿಸಿದರೆ ಹೊರಕ್ಕೆ ಹೋಗುವನು.

ಸೀತಾ, ಸ್ವರ್ಣಾ ನದಿಗಳು ಕೂಡಿ ಕಡಲನ್ನು ಸೇರುವ ಕೋಡಿ ಬೆಂಗ್ರೆಯ ಬಳಿಯಾಗಲಿ, ಹೊನ್ನಾವರದಲ್ಲಿ ಶರಾವತಿಯ ಬಾಯಿಯ ಬಳಿಯಾಗಲಿ ಒಳಗಿನಿಂದ ಹೊರಡುವವರು ಉಬ್ಬರದ ನಡುವಿನಲ್ಲಿ ಹೊರಟು, ನೀರು ತುಂಬಿ ನಿಲ್ಲುವುದಕ್ಕೆ ಮೊದಲೇ ಅಳಿವೆಗೆ ಬೆನ್ನು ತಿರುಗಿಸಿ, ಮೇಲ್ಹೊಳೆಯ ಕಡೆಗೆ ಹೋಗುವುದು ಲೇಸು. ಉಬ್ಬರದಲ್ಲಿ ನೀರು ತಾನೇ ಒಳಕ್ಕೆ ಒಯ್ಯುವುದು. ಇಳಿತವಾಗುತ್ತಿರುವಾಗ, ಅದರಲ್ಲಿಯೂ ಬೆಳಗಿನ ಹೊತ್ತು ನೆಲದ ಕಡೆಯಿಂದ ಗಾಳಿ ಬೀಸುತ್ತಿರುವಾಗ, ಅಳಿವೆಯ ಸಮೀಪ ಹೋಗಲೇಕೂಡದು. ಯಾವ ದಿನ ಯಾವ ಹೊತ್ತಿಗೆ ನೀರು ತಿರುಗುವುದೆಂಬುದನ್ನು ದಡದಲ್ಲಿರುವ ಬಲೆಯವರನ್ನು ಕೇಳಿದರೆ ಸಾಕು, ಗಡಿಯಾರವಿಲ್ಲದೆ ಹೇಳುವರು.

ಆಳವಿಲ್ಲದ ನೀರು, ಕಳೆ, ಬಲೆ

ಹಿನ್ನೀರೆಲ್ಲವೂ ಪೆಡಲಿಗೆ ಒಗ್ಗುವುದೆಂದು ಹೇಳಲಾಗದು. ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆ ಪ್ರದೇಶವನ್ನು ತೆಗೆದುಕೊಳ್ಳೋಣ. ಅಣೆಕಟ್ಟಿಲ್ಲದೆ ಹರಿಯುವ ಈ ನದಿಯ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದಲ್ಲಿ ಕೆಸರು ಮತ್ತು ಮರಳಿನ ಬಯಲುಗಳು ಹೊರಬೀಳುವುವು. ನೂರಾರು ಮಂದಿ ಗಂಡಸರೂ ಹೆಂಗಸರೂ ಸಣ್ಣ ದೋಣಿಗಳಲ್ಲಿ ಅಲ್ಲಿಗೆ ಹೋಗಿ, ಸೊಂಟದುದ್ದದ ನೀರಿನಲ್ಲಿ ನಿಂತು ಬೆಳಚನ್ನು ಆರಿಸುವರು. ಅವರ ದೋಣಿಯು ಅಂಗೈಯಗಲ ನೀರಿದ್ದರೂ ತೇಲಬೇಕು, ಕೆಸರಿನ ಮೇಲೆ ಜಾರಬೇಕು, ಹಿಂದಿರುಗುವಾಗ ಚೀಲಗಟ್ಟಲೆ ಚಿಪ್ಪನ್ನು ಹೊರಬೇಕು. ಈ ಕೆಲಸಕ್ಕೆ ಚಪ್ಪಟೆ ತಳದ ದೋಣಿಯೂ ಜಲ್ಲೆಯೂ ಇರುವಾಗ ಪೆಡಲಿನ ಮಾತೇ ಬೇಡ. ಕಗ್ಗ ಭತ್ತವನ್ನು ಬೆಳೆಯುವ ಗಜನಿ ಭೂಮಿಗಳ ಕಾಲುವೆಗಳಲ್ಲಿಯೂ ಹಾಗೆಯೇ. ಎಲ್ಲಿ ಜಲ್ಲೆಯು ನೆಲಕ್ಕೆ ಮುಟ್ಟುವುದೋ ಅಲ್ಲಿ ಜಲ್ಲೆಯೇ ಮೇಲು.

ಕಳೆಯ ಉಪದ್ರವವನ್ನು ತಿಳಿಯುವುದಕ್ಕೆ ಕರಾವಳಿಗೆ ಹೋಗಬೇಕಾದುದಿಲ್ಲ. ಬೆಂಗಳೂರಿನ ಪಶ್ಚಿಮದ ಕೆರೆಗಳಲ್ಲಿ ಚರಂಡಿಯ ನೀರು ಸೇರಿದ ಕಡೆಗಳಲ್ಲಿ ಅಂತರಗಂಗೆಯು ಹೇಗೆ ಹಬ್ಬುವುದೆಂಬುದನ್ನು ಕೆಂಗೇರಿಯ ಕಡೆಯವರಿಗೆ ಹೇಳಬೇಕಾಗಿಲ್ಲ. ಅದರ ಬೇರಿನ ಜಡೆಯು ಪಂಕಕ್ಕೆ ಒಮ್ಮೆ ಸುತ್ತಿಕೊಂಡಿತೆಂದರೆ ದೋಣಿಯನ್ನು ನಿಲ್ಲಿಸಿ ಕೈಯಿಂದ ಬಿಡಿಸಬೇಕು. ರೆಕ್ಕೆಯ ಬಗೆಯಲ್ಲಿ ಈ ಕಷ್ಟವು ಸ್ವಲ್ಪ ಕಡಮೆ. ಸವಾರನು ಹಲಗೆಯೊಂದನ್ನು ಪೂರ್ತಿ ಮುಂದಕ್ಕೆ ಒತ್ತಿದರೆ ರೆಕ್ಕೆಗಳೆರಡೂ ದೋಣಿಯ ಹೊಟ್ಟೆಗೆ ಅಂಟಿಕೊಳ್ಳುವುವು, ಕಳೆಯು ಜಾರಿಹೋಗುವುದು. ಅಭ್ಯಾಸಕ್ಕೆಂದು ಇಂಥ ಕೆರೆಗಳಿಗೆ ದೋಣಿಯನ್ನು ಇಳಿಸುವುದು ಆರೋಗ್ಯಕ್ಕೂ ಒಳ್ಳೆಯದಲ್ಲ, ಅಪ್ಪಣೆಯಿಲ್ಲದೆ ಇಳಿಸುವುದು ನ್ಯಾಯವೂ ಅಲ್ಲ.

ಕರಾವಳಿಯಲ್ಲಿ ಕಳೆಗಿಂತ ಹೆಚ್ಚಿನ ವಿಚಾರವು ಬಲೆಯದು. ಹಿನ್ನೀರಿನಲ್ಲಿ ಸಂಜೆ ಕಟ್ಟಿ ಬೆಳಗ್ಗೆ ತೆಗೆಯುವ ಬಲೆಗಳು ನೀರಿನ ಮೇಲೆ ಒಂದು ಬೆಂಡಿನ ತುಂಡಿನಿಂದಷ್ಟೇ ಗುರುತಾಗಿರುವುವು. ಹುಟ್ಟಿನ ದೋಣಿಯು ಅವುಗಳ ಮೇಲೆ ತೇಲಿಹೋಗುವುದು. ಪೆಡಲಿನ ದೋಣಿಯು ಹರಿದುಹೋಗುವುದು. ದೋಣಿಯವನಿಗೆ ಕಾಲು ಗಂಟೆಯ ತೊಡಕು, ಬಲೆಯವನಿಗೆ ಆ ವಾರದ ಸಂಪಾದನೆ. ವಿನೋದಕ್ಕೆ ಬರುವವರು ಬೆಳಗಿನ ಜಾವದಲ್ಲಿ, ಕತ್ತಲು ಹರಿಯುವ ಮೊದಲು ಹೊರಡಬಾರದೆನ್ನುವುದಕ್ಕೆ ಇದೊಂದೇ ಕಾರಣವು ಸಾಕಾಗಿದೆ. ಬೆಂಡುಗಳ ಸಾಲು ಕಂಡರೆ ರೆಕ್ಕೆಯನ್ನು ಮೇಲಕ್ಕೆತ್ತಿ, ಹುಟ್ಟಿನಿಂದ ದಾಟತಕ್ಕದ್ದು.

ಉಪ್ಪು, ದುರಸ್ತಿ, ಬೆಲೆ

ಉಪ್ಪುನೀರು ಯಂತ್ರದ ಶತ್ರು. ಉಕ್ಕಿನ ಮೊಳೆಯೂ ಅಲ್ಯೂಮಿನಿಯಮ್ಮಿನ ಕೊಳವೆಯೂ ಒಂದನ್ನೊಂದು ಮುಟ್ಟಿಕೊಂಡಿರುವ ಕಡೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಮ್ಮು ಬೇಗನೆ ಸವೆದು ಬಿಳಿಯ ಪುಡಿಯಾಗುವುದು. ಮರಳಿನ ಕಣವು ಬೇರಿಂಗಿನೊಳಕ್ಕೆ ಹೋದರೆ ಒಂದೇ ಋತುವಿನಲ್ಲಿ ಅದನ್ನು ಕೆಡಿಸುವುದು. ಹುಟ್ಟಿನ ದೋಣಿಯಲ್ಲಿ ಕೆಡತಕ್ಕ ಭಾಗವೇ ಇಲ್ಲ. ಇದರಲ್ಲಿ ಸರಪಣಿ ಅಥವಾ ತಂತಿ, ಹಲ್ಲುಚಕ್ರ, ಬೇರಿಂಗು, ನೀರುತಡೆಯುವ ರಬ್ಬರಿನ ಬಳೆ, ಚುಕ್ಕಾಣಿಯ ಹಗ್ಗ, ಹೀಗೆ ಹತ್ತಾರು ಭಾಗಗಳಿವೆ. ಪರದೇಶದಿಂದ ಬಂದ ದೋಣಿಗೆ ಒಂದು ಸಣ್ಣ ಬಳೆ ಬೇಕಾದರೂ ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ದೋಣಿ ನಡೆಸುವ ತಿಂಗಳುಗಳೇ ಕಳೆದುಹೋಗುವುವು.

ಈ ಒಂದು ವಿಷಯದಲ್ಲಿ ಬೆಂಗಳೂರಿನ ಪಶ್ಚಿಮ ಭಾಗವು ಕರಾವಳಿಗೆ ನೆರವಾಗಬಲ್ಲದು. ರಾಜಾಜಿನಗರದ ಕೈಗಾರಿಕಾ ಬಡಾವಣೆ, ಕಾಮಾಕ್ಷಿಪಾಳ್ಯ, ಪೀಣ್ಯ ಮೊದಲಾದ ಕಡೆಗಳಲ್ಲಿ ಹಲ್ಲುಚಕ್ರ ಕಡಿಯುವ, ಲೇತಿನಲ್ಲಿ ಇರುಸು ತಿರುಗಿಸುವ ಸಣ್ಣ ಕಾರ್ಖಾನೆಗಳು ಬೀದಿಬೀದಿಗೂ ಉಂಟು. ಪೆಡಲ್ ಕಯಾಕಿನ ಯಂತ್ರದಲ್ಲಿ ಅವರ ಕೈಗೆ ಮೀರಿದುದು ಯಾವುದೂ ಇಲ್ಲ. ಬೈಸಿಕಲ್ಲಿನ ಕ್ರ್ಯಾಂಕು, ತೊಂಬತ್ತು ಡಿಗ್ರಿ ತಿರುಗಿಸುವ ಒಂದು ಜೊತೆ ಓರೆಹಲ್ಲಿನ ಚಕ್ರ, ಒಂದು ಇರುಸು, ಒಂದು ಪಂಕ. ಗಮನಿಸತಕ್ಕ ಅಂಶವೆಂದರೆ ಲೋಹದ ಆಯ್ಕೆ. ಅಡಿಗೆಯ ಪಾತ್ರೆಗೆ ಬಳಸುವ ಸ್ಟೇನ್‌ಲೆಸ್ ಉಕ್ಕು ಸಮುದ್ರದ ನೀರಿಗೆ ತಾಳದೆ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುವುದು; 316 ಎಂಬ ಸಂಖ್ಯೆಯ ಉಕ್ಕನ್ನೇ ಕೇಳಿ ಹಾಕಿಸಬೇಕು, ಅಥವಾ ಬಲ ಬೀಳದ ಕಡೆ ನೈಲಾನನ್ನು ಉಪಯೋಗಿಸಬೇಕು. ಒಡೆದ ಭಾಗವೊಂದನ್ನು ಮಾದರಿಗೆ ಕೊಟ್ಟರೆ ಹೊಸದನ್ನು ಮಾಡಿಕೊಡುವ ಕೆಲಸಗಾರರು ಇರುವಾಗ, ಊರಿಗೆ ಹೋಗುವ ಪ್ರತಿಯೊಬ್ಬನೂ ಸವೆಯತಕ್ಕ ಭಾಗಗಳ ಒಂದೊಂದು ಹೆಚ್ಚಿನ ಪ್ರತಿಯನ್ನು ಮಾಡಿಸಿ ಜೊತೆಯಲ್ಲಿಟ್ಟುಕೊಳ್ಳುವುದು ಜಾಣತನ.

ತೂಕವೂ ಯೋಚಿಸತಕ್ಕ ಸಂಗತಿ. ಸುಮಾರು 12 ಅಡಿಯ ಹುಟ್ಟಿನ ಕಯಾಕು 25ರಿಂದ 30 ಕಿಲೋಗ್ರಾಮಿನ ಒಳಗಿದ್ದರೆ, ಅಷ್ಟೇ ಉದ್ದದ ಪೆಡಲಿನ ದೋಣಿಯು ಯಂತ್ರ, ಆಸನ, ಚುಕ್ಕಾಣಿಗಳೊಡನೆ 45 ಕಿಲೋಗ್ರಾಮಿನ ಸುಮಾರಿಗೆ ಬರುವುದು. ಒಬ್ಬನೇ ಅದನ್ನು ಕಾರಿನ ಮೇಲಕ್ಕೆ ಎತ್ತಲಾರನು, ಮರಳಿನ ಮೇಲೆ ಎಳೆಯಲಾರನು. ಬೆಲೆಯು ಒಳ್ಳೆಯ ಕಂಪೆನಿಗಳದಾದರೆ ಅವು ತಯಾರಾಗುವ ದೇಶಗಳಲ್ಲಿಯೇ 2,000 ಡಾಲರುಗಳಿಂದ ಮೇಲಕ್ಕೆ ಹೋಗುವುದು. ಹಡಗಿನ ಬಾಡಿಗೆ, ಸುಂಕಗಳು ಬೇರೆ. ಇಷ್ಟು ತೆತ್ತರೂ ಅದು ಹೊರುವುದು ಒಬ್ಬ ಮನುಷ್ಯ ಮತ್ತು ಹೆಚ್ಚೆಂದರೆ ಒಂದೆರಡು ಮೂಟೆ. ಕುದ್ರುವಿನಿಂದ ತೆಂಗಿನಕಾಯಿ ಸಾಗಿಸಬೇಕಾದವರು, ದನಕ್ಕೆ ಹುಲ್ಲು ತರಬೇಕಾದವರು ಈ ಹಣದಲ್ಲಿ ಫೈಬರಿನ ಒಳ್ಳೆಯ ನಾಡದೋಣಿಯ ಯೋಚನೆ ಮಾಡುವುದೇ ಮೇಲು.

ಯಾರು ಕೊಳ್ಳಬಹುದು

ಸಾಲಿಗ್ರಾಮದ ಬಳಿ ಪಾರಂಪಳ್ಳಿಯಲ್ಲಿ ಸೀತಾನದಿಯ ಹಿನ್ನೀರಿನ ಕಾಂಡ್ಲಾ ವನಗಳ ನಡುವೆ ಪ್ರವಾಸಿಗಳನ್ನು ಕಯಾಕಿನಲ್ಲಿ ಕರೆದೊಯ್ಯುವ ಕಸಬು ಬೆಳೆದಿದೆ. ಸ್ಥಳವನ್ನು ಬಲ್ಲವರು ಜೊತೆಗಿದ್ದು, ಹುಟ್ಟಿನ ದೋಣಿಗಳಲ್ಲಿಯೇ ನಡೆಸುತ್ತಿರುವ ಕೆಲಸವಿದು. ಹೊಳೆಯ ದಡದಲ್ಲಿ ಜಮೀನಿರುವ ಕುಟುಂಬಗಳು ಇಂಥ ಉಪಕಸಬನ್ನು ಕೈಗೊಳ್ಳುವುದಾದರೆ ಮೊದಲು ಹುಟ್ಟಿನ ದೋಣಿಗಳನ್ನೇ ಕೊಂಡು, ವಯಸ್ಸಾದ ಅತಿಥಿಗಳಿಗಾಗಿ ಒಂದೋ ಎರಡೋ ಪೆಡಲಿನವನ್ನು ಆಮೇಲೆ ಸೇರಿಸಿಕೊಳ್ಳಬಹುದು. ಕಾಂಡ್ಲಾ ಗಿಡಗಳ ಕಿರುಗಾಲುವೆಗಳಲ್ಲಿ ನೀರಿನೊಳಗೆ ಬೇರುಗಳಿರುವುದರಿಂದ ಪೆಡಲಿನವು ಹೊರಗಿನ ಅಗಲವಾದ ಹೊಳೆಯಲ್ಲಿಯೇ ಇರತಕ್ಕದ್ದು. ಪಂಜರದ ಮೀನು ಸಾಕುವವರಿಗೆ, ಗಾಳದ ಮೀನುಗಾರಿಕೆಯಲ್ಲಿ ಆಸಕ್ತಿಯುಳ್ಳವರಿಗೆ, ಆಳವಾದ ನಿಶ್ಚಲ ಹಿನ್ನೀರಿನ ದಡದಲ್ಲಿ ಮನೆಯಿದ್ದು ದಿನಕ್ಕೊಮ್ಮೆ ಒಬ್ಬರೇ ದಾಟುವವರಿಗೆ ಇದು ಒದಗುವುದು. ಬಯಲ ಕಡಲಿನ ಮೀನುಗಾರನಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

ಮಳೆಗಾಲದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಯು ನಿಷಿದ್ಧವಾಗಿದ್ದು, 10 ಅಶ್ವಶಕ್ತಿಯ ವರೆಗಿನ ಮೋಟಾರಿನ ನಾಡದೋಣಿಗಳಿಗೂ ಮೋಟಾರಿಲ್ಲದ ದೋಣಿಗಳಿಗೂ ವಿನಾಯಿತಿಯುಂಟು. ಪೆಡಲಿಗೆ ಮೋಟಾರಿಲ್ಲವಾದುದರಿಂದ ತಾವು ಹೊರಡಬಹುದೆಂದು ಎಣಿಸುವವರು, ಆ ನಿಷೇಧವು ಮೀನಿನ ಸಂತಾನವನ್ನು ಕಾಪಾಡುವುದಕ್ಕಾಗಿಯೂ ಇದೆಯೆಂಬುದನ್ನೂ, ಆ ತಿಂಗಳುಗಳ ಕಡಲಿನಲ್ಲಿ ಹುಟ್ಟಿ ಬೆಳೆದ ಮೊಗವೀರರೂ ದಿನ ನೋಡಿ ಹೊರಡುವರೆಂಬುದನ್ನೂ ಮರೆಯಕೂಡದು. ಸಮುದ್ರದಲ್ಲಿ ಮೀನು ಹಿಡಿಯುವ ದೋಣಿಗಳಿಗೆ 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾನೂನು ಅನ್ವಯಿಸುವುದರಿಂದ, ಮಾರುವುದಕ್ಕಾಗಿ ಮೀನು ಹಿಡಿಯಬೇಕೆಂದಿರುವವರು ಸಮೀಪದ ಮೀನುಗಾರಿಕೆ ಇಲಾಖೆಯ ಕಛೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.

ಹೊರಡುವವರು ಜೀವರಕ್ಷಕ ಅಂಗಿಯನ್ನು ತೊಟ್ಟೇ ದೋಣಿ ಹತ್ತಬೇಕು. ಆಸನದ ಕೆಳಗೆ ಇಟ್ಟುಕೊಂಡ ಅಂಗಿಯು ಮಗುಚಿದಾಗ ಕೈಗೆ ಸಿಕ್ಕದು. ಮಗುಚಿದ ದೋಣಿಯನ್ನು ಮತ್ತೆ ನೆಟ್ಟಗೆ ಮಾಡಿ ಹತ್ತುವುದನ್ನು ಎದೆಯುದ್ದದ ನೀರಿನಲ್ಲಿ, ಜೊತೆಯಲ್ಲೊಬ್ಬರನ್ನು ನಿಲ್ಲಿಸಿಕೊಂಡು, ನಾಲ್ಕಾರು ಬಾರಿ ಮಾಡಿ ನೋಡಿರಬೇಕು. ರೆಕ್ಕೆಯು ಮೇಲಾಗಿರುವ ದೋಣಿಯು ಕೈಗೆ, ಮುಖಕ್ಕೆ ಗಾಯಮಾಡುವುದೂ ಉಂಟು. ಹೈದರಾಬಾದಿನಲ್ಲಿರುವ ಇಂಕಾಯಿಸ್ ಸಂಸ್ಥೆಯವರು ಅಲೆಯ ಎತ್ತರದ ಮುನ್ಸೂಚನೆಯನ್ನು ದಿನವೂ ಪ್ರಕಟಿಸುವರು. ಕಡಲಿನಲ್ಲಿ ವಿಪತ್ತಿಗೆ ಸಿಕ್ಕಿದವರು 1554 ಸಂಖ್ಯೆಗೆ ಫೋನ್ ಮಾಡಿ ಕರಾವಳಿ ರಕ್ಷಣಾ ಪಡೆಯನ್ನು ಕರೆಯಬಹುದಾಗಿದೆ. ಫೋನನ್ನು ನೀರು ಹೋಗದ ಚೀಲದಲ್ಲಿಟ್ಟು ಮೈಗೆ ಕಟ್ಟಿಕೊಳ್ಳಬೇಕೇ ಹೊರತು ದೋಣಿಗಲ್ಲ.

ಪ್ರತಿಯೊಂದು ಸಲವೂ ದೋಣಿಯನ್ನು ಮೇಲಕ್ಕೆ ತಂದ ಕೂಡಲೆ ಯಂತ್ರವನ್ನು ಕಳಚಿ, ಬಾವಿಯ ಸಿಹಿನೀರನ್ನು ಧಾರಾಳವಾಗಿ ಹೊಯ್ದು ತೊಳೆದು, ನೆರಳಿನಲ್ಲಿ ಆರಿಸಿ, ಕೀಲುಗಳಿಗೆ ಗ್ರೀಸು ಹಚ್ಚತಕ್ಕದ್ದು. ಮಳೆಗಾಲವು ಬಂದಾಗ ದೋಣಿಯನ್ನು ಕೊಟ್ಟಿಗೆಯ ಮಾಡಿನ ಕೆಳಗೆ ಎರಡು ಅಗಲವಾದ ಪಟ್ಟಿಗಳಲ್ಲಿ ಬೋರಲಾಗಿ ತೂಗುಹಾಕುವುದು ಒಳ್ಳೆಯದು. ನೆಲದ ಮೇಲೆ ಒಂದೇ ಕಡೆ ಆತು ಬಿದ್ದಿದ್ದರೆ ಪ್ಲಾಸ್ಟಿಕ್ಕಿನ ತಳವು ಒಳಕ್ಕೆ ಬಾಗುವುದು, ಬಿಸಿಲಿನಲ್ಲಿದ್ದರೆ ಬಿರಿಯುವುದು. ರೆಕ್ಕೆಗಳನ್ನೂ ಪಂಕವನ್ನೂ ಎಣ್ಣೆಬಟ್ಟೆಯಲ್ಲಿ ಸುತ್ತಿ ಗೋಣಿಚೀಲದಲ್ಲಿ ಕಟ್ಟಿ, ಇಲಿಗೆ ನಿಲುಕದಂತೆ ಅಟ್ಟದ ಮೇಲಿಟ್ಟರೆ, ದಸರೆಯ ಹೊತ್ತಿಗೆ ಹೊಳೆಯು ತಿಳಿಯಾದಾಗ ಮತ್ತೆ ಜೋಡಿಸಿಕೊಳ್ಳಬಹುದು.